ಸೀಲಿಂಗ್ ಫ್ಯಾನ್ ಗುರುತಿನ ಮುನಿರತ್ನಮ್ಮ

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಅವಳನ್ನು ಮುನಿರತ್ನಮ್ಮ ಎಂದು ಕರೆದವರು ಯಾರೂ ಇರಲಿಲ್ಲ. ರೇಷನ್ ಕಾರ್ಡಿನಲ್ಲಿ, ಆಧಾರಿನಲ್ಲಿ, ಹಳೆಯ ಲಗ್ನಪತ್ರಿಕೆಯಲ್ಲಿ ಆ ಹೆಸರಿತ್ತು, ಅಷ್ಟೇ. ಬೀದಿಗೆಲ್ಲ ಅವಳು ಕೆಚ್ಚೋ ರತ್ನಕ್ಕ.

ಮಗ್ಗದ ಮೇಲಿನ ಹಾಸು, ಎಂದರೆ ಉದ್ದನೆಯ ಎಳೆಗಳು, ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಮಗ್ಗದ ಹಿಂದೆ ಕಾಲು ಮಡಚಿ ಕೂತು, ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು, ಸಾವಿರಾರು ಎಳೆ. ಬೆಳಗ್ಗೆ ಕೂತವಳು ಸೊಂಟ ಹಿಡಿದುಕೊಂಡು ಏಳುವಾಗ ಊಟದ ಹೊತ್ತು ಮೀರಿರುತ್ತದೆ. ಅಷ್ಟು ಹೊತ್ತೂ ಆ ಮಗ್ಗ ನಿಂತಿರುತ್ತದೆ. ಮಗ್ಗ ನಿಂತ ಮನೆಯವರಿಗೆ ಬಿಡುವು. ಬಂದು ಪಕ್ಕದಲ್ಲಿ ಕೂತು ಮಾತಾಡುತ್ತಾರೆ. ಇಪ್ಪತ್ತಾರು ವರ್ಷ ಹಾಗೆ ಕೂತು ಕೂತು ರತ್ನಕ್ಕನಿಗೆ ಯಾರ ಮನೆಯ ಸೊಸೆ ತವರಿಗೆ ಹೋಗಿ ಎಷ್ಟು ದಿನವಾಯಿತು, ಯಾರ ಮನೆಯ ನಲ್ಲಿಗೆ ನೀರು ಏರುವುದಿಲ್ಲ ಎಲ್ಲವೂ ಗೊತ್ತಿತ್ತು. ಆದರೆ ಅವಳು ಯಾವುದನ್ನೂ ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸಿದವಳಲ್ಲ. ಅದಕ್ಕೇ ಎಲ್ಲರೂ ಅವಳನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದರು.

ನಗರಸಭೆಯ ಚುನಾವಣೆ ಬಂತು. ಅವರ ವಾರ್ಡು ಈ ಸಲ ಹಿಂದುಳಿದ ವರ್ಗದ ಹೆಂಗಸರಿಗೆ ಮೀಸಲಾಗಿತ್ತು. ಒಂದು ಬೆಳಗ್ಗೆ ರಾಜೇಂದ್ರ ಅವಳ ಮನೆಗೆ ಬಂದ. ಅವನು ಸೀರೆ ದಲ್ಲಾಳಿ, ವಾರ್ಡಿನಲ್ಲಿ ಪಾರ್ಟಿಯ ಮುಖಂಡನೂ ಹೌದು. ಅಂಥವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತಾಗಲೇ ರತ್ನಕ್ಕನಿಗೆ ದಿಗಿಲಾಯಿತು.

"ಅಕ್ಕಾ, ನೀನು ಎಲೆಕ್ಷನ್ನಿಗೆ ನಿಂತ್ಕೋಬೇಕು," ಎಂದ.

"ನಾನಾ?"

"ನೀನೇ. ಹೋದ ವರ್ಷ ನೀರಿಗೆ ಅಂತ ಖಾಲಿ ಕೊಡ ಹಿಡ್ಕೊಂಡು ಕಮಿಷನರ್ ಹತ್ರ ಮಾತಾಡಿದ್ದು ಯಾರು? ನೀನು ತಾನೆ? ಅಂಥೋರೇ ಬೇಕು ಊರಿಗೆ."

ರತ್ನಕ್ಕ ಆ ದಿನ ಮಾತಾಡಿದ್ದು ನಿಜ. ಎಂಟು ದಿನಕ್ಕೊಮ್ಮೆ ಬರುವ ನೀರನ್ನು ವಾಲ್ವ್‌ಮ್ಯಾನ್ ಹನ್ನೊಂದು ದಿನಕ್ಕೆ ಎಳೆದಿದ್ದ. ಗುಂಪಿನಲ್ಲಿ ಯಾರೂ ಬಾಯಿ ಬಿಡದಿದ್ದಾಗ ಇವಳು ಬಿಟ್ಟಿದ್ದಳು. ಅದನ್ನು ರಾಜೇಂದ್ರ ನೆನಪಿಟ್ಟುಕೊಂಡಿದ್ದಾನೆ ಎಂದು ಒಳಗೊಳಗೇ ಹಿಗ್ಗಿದಳು. ಆದರೂ ಒಂದು ಅಳುಕು.

"ದೊಡ್ಡ ಮಗ್ಗದ ಮನೆ ಚಂದನಳ ಅಮ್ಮ ನಿಲ್ತಾರಂತೆ ಅಂದ್ರು? ನಿಮ್ ಪಾರ್ಟಿಯಿಂದ್ಲೇ?"

"ಅವರಿಗೆ ಟಿಕೆಟ್ ಇಲ್ಲ ಕಣಕ್ಕಾ. ನಮ್ ತಮ್ಮನ ಹೆಂಡ್ತಿ ಸ್ನೇಹಂಗೆ ಕೊಟ್ಟಿದಾರೆ."

"ಮತ್ತೆ ನಾನ್ಯಾಕೆ?"

"ನೀನು ಪಕ್ಷೇತರ. ಸ್ವತಂತ್ರವಾಗಿ ನಿಲ್ಲು. ಹೆಣ್ಮಕ್ಕಳು ಎಷ್ಟು ಜನ ನಿಂತ್ರೆ ಸಮಾಜಕ್ಕೆ ಅಷ್ಟು ಒಳ್ಳೇದು. ಖರ್ಚು ಪರ್ಚು ನಾವ್ ನೋಡ್ಕೋತೀವಿ."

ತನ್ನ ಮನೆಯವಳ ಎದುರಿಗೇ ಇನ್ನೊಬ್ಬಳನ್ನು ಯಾಕೆ ನಿಲ್ಲಿಸುತ್ತಾನೆ ಎಂದು ರತ್ನಕ್ಕನಿಗೆ ಅರ್ಥವಾಗಲಿಲ್ಲ. ಕೇಳಿದರೆ ದಡ್ಡಿ ಅಂದುಕೊಂಡಾನು ಎಂದು ಸುಮ್ಮನಾದಳು. ರಾಜಕೀಯವೆಂದರೆ ಹೀಗೇ ಇರಬೇಕು ಅಂದುಕೊಂಡಳು.

ಗಂಡ ನರಸಿಂಹಯ್ಯನಿಗೆ ಹೇಳಿದಳು. ಮೂವತ್ತು ವರ್ಷ ಪವರ್‌ಲೂಮ್ ಸದ್ದಿನಲ್ಲಿ ದುಡಿದು ಅವನ ಕಿವಿ ಮಂದವಾಗಿತ್ತು. "ಎಲೆಕ್ಷನ್ನಿಗೆ ನಿಂತಿದೀನಿ," ಎಂದು ಕೂಗಿದರೆ ಅವನಿಗೆ ಕೊನೆಯದಷ್ಟೇ ಕೇಳಿಸಿತು. "ನಿಂತಿದ್ರೆ ಕೂತ್ಕೋ, ಯಾರು ಬೇಡಾಂದ್ರು?" ಎಂದ. ಇನ್ನೆರಡು ಸಲ ಕೂಗಿದ ಮೇಲೆ ತಿಳಿಯಿತು. ಆಗ "ಯಾರ ಮೇಲೆ?" ಎಂದ.

ನಾಮಪತ್ರದ ಕೊನೆಯ ದಿನ, ಕೊನೆಯ ಗಂಟೆಯಲ್ಲಿ ರಾಜೇಂದ್ರನ ಕಡೆಯ ಹುಡುಗರು ಕಾರಿನಲ್ಲಿ ಬಂದು ಕರೆದುಕೊಂಡು ಹೋದರು. ಏಳೆಂಟು ಕಡೆ ಸಹಿ ಹಾಕಿಸಿದರು. ಅವಳು ಸಹಿ ಹಾಕುವಾಗ ಅಕ್ಷರ ಬಿಡಿಸಿ ಬಿಡಿಸಿ ಬರೆದಳು, ಮು ನಿ ರ ತ್ನ ಮ್ಮ. ಮಾರನೆಯ ದಿನ ಅದೇ ಕಾರು ಮತ್ತೆ ಬಂತು. "ದೇವರ ದರ್ಶನ ಮಾಡ್ಕೊಂಡು ಬನ್ನಿ ಇಬ್ರೂ. ನಿಂತೋರು ಮೊದ್ಲು ದೇವರಿಗೆ ಹೋಗೋದು ವಾಡಿಕೆ," ಎಂದು ಗಂಡ ಹೆಂಡತಿಯನ್ನು ಘಾಟಿ ಸುಬ್ರಹ್ಮಣ್ಯಕ್ಕೆ ಬಿಟ್ಟರು. ಛತ್ರದಲ್ಲಿ ಕೋಣೆ, ಎರಡೂ ಹೊತ್ತು ಊಟ. ಫೋನು ಮಾತ್ರ ಚಾರ್ಜಿಗೆಂದು ಇಸಿದುಕೊಂಡಿದ್ದ ಹುಡುಗ ವಾಪಸು ಕೊಡಲು ಮರೆತಿದ್ದ. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡ ಹೆಂಡತಿ ಹೀಗೆ ಕೆಲಸವಿಲ್ಲದೆ ಒಂದು ಕಡೆ ಕೂತದ್ದೇ ಇಲ್ಲ. ನಾಗರಕಲ್ಲುಗಳ ಬಳಿ ಕೂತು ನರಸಿಂಹಯ್ಯ ಕಡಲೆಕಾಯಿ ಸುಲಿದು ಅವಳಿಗೆ ಕೊಟ್ಟ. ರತ್ನಕ್ಕ ಅಂದುಕೊಂಡಳು: ಗೆಲ್ಲುವುದು ಬಿಡುವುದು ಆಮೇಲೆ, ನಿಂತದ್ದಕ್ಕೇ ಇಷ್ಟು ಮರ್ಯಾದೆ.

ಮೂರನೆಯ ಸಂಜೆ ಮನೆಗೆ ಬಂದರೆ ಎದುರು ಮನೆಯವಳು ಹೇಳಿದಳು: "ಯಾರೋ ನಾಲ್ಕು ಜನ ಬಂದು ಮುನಿರತ್ನಮ್ಮ ಎಲ್ಲಿ ಅಂತ ಬೀದಿಯೆಲ್ಲಾ ಹುಡುಕಿದ್ರು. ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ, ಇರೋಳು ರತ್ನಕ್ಕ ಒಬ್ಳೇ ಅಂತ ಹೇಳಿ ಕಳಿಸ್ದೆ."

"ಯಾಕಂತೆ?"

"ನಂಗೇನ್ ಗೊತ್ತು? ಇವತ್ತು ಮೂರು ಗಂಟೆ ಒಳಗೆ ಸಿಗಬೇಕು ಅಂತಿದ್ರು."

ಮೂರು ಗಂಟೆ ದಾಟಿ ಹೋಗಿತ್ತು. ಅದು ನಾಮಪತ್ರ ವಾಪಸು ತೆಗೆದುಕೊಳ್ಳುವ ಕೊನೆಯ ಗಡುವು ಎಂಬುದು ರತ್ನಕ್ಕನಿಗೆ ತಿಳಿದಿರಲಿಲ್ಲ.

ಮಾರನೆಯ ಬೆಳಗ್ಗೆ ಗುರುತು ಹಂಚಲು ಚುನಾವಣಾಧಿಕಾರಿ ಎಲ್ಲರನ್ನೂ ಕರೆದಿದ್ದರು. ರತ್ನಕ್ಕ ಒಬ್ಬಳೇ ಹೋದಳು. ಕೋಣೆಯ ಮುಂದಿನ ಸಾಲಿನಲ್ಲಿ ಚಂದನಳ ಅಮ್ಮ ಕೂತಿದ್ದರು. ಇಪ್ಪತ್ತನಾಲ್ಕು ಮಗ್ಗದ ಮನೆ ಅವರದು. ಹನ್ನೆರಡು ವರ್ಷದಿಂದ ಆ ಮನೆಯ ಮಗ್ಗಗಳಿಗೆಲ್ಲ ಕೆಚ್ಚುತ್ತಿದ್ದವಳು ರತ್ನಕ್ಕ. ಟಿಕೆಟ್ ಇಲ್ಲದವರು ಇಲ್ಲಿ ಯಾಕಿದ್ದಾರೆ ಎಂದು ಅವಳು ಯೋಚಿಸುತ್ತಿರುವಾಗಲೇ ಅಧಿಕಾರಿ ಹೆಸರು ಕೂಗಿದರು.

"ಪಕ್ಷೇತರ ಅಭ್ಯರ್ಥಿ, ಮುನಿರತ್ನಮ್ಮ!"

ರತ್ನಕ್ಕ ಎದ್ದು ನಿಂತಳು. ಮುಂದಿನ ಸಾಲಿನಲ್ಲಿ ಚಂದನಳ ಅಮ್ಮನೂ ಎದ್ದು ನಿಂತರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಚಂದನಳ ಅಮ್ಮ ತಿರುಗಿ ನೋಡಿದರು.

"ನೀನ್ಯಾಕೇ ಎದ್ದೆ ರತ್ನಿ?"

"ನನ್ ಹೆಸರು ಕರೆದ್ರಲ್ಲ ಅಕ್ಕಾ."

"ನಿನ್ ಹೆಸರಾ?"

"ಹೂಂ. ನೀವ್ಯಾಕೆ ಎದ್ರಿ?"

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. "ಮುನಿರತ್ನಮ್ಮ ಕೋಂ ಮುನಿಶಾಮಪ್ಪ. ಮುನಿರತ್ನಮ್ಮ ಕೋಂ ನರಸಿಂಹಯ್ಯ. ಇಬ್ಬರಿದ್ದೀರಿ. ಒಬ್ಬೊಬ್ಬರಾಗಿ ಬನ್ನಿ."

ಹನ್ನೆರಡು ವರ್ಷ ಒಬ್ಬರ ಮನೆಯಲ್ಲಿ ಒಬ್ಬರು ಕಾಫಿ ಕುಡಿದವರು. ಇವಳಿಗೆ ಅವರು ಚಂದನಳ ಅಮ್ಮ, ಅವರಿಗೆ ಇವಳು ರತ್ನಿ. ಇಬ್ಬರಿಗೂ ಒಂದೇ ಹೆಸರು ಎಂಬುದು ಆ ದಿನ ಸರ್ಕಾರಿ ಕೋಣೆಯಲ್ಲಿ ತಿಳಿಯಿತು.

ಚಂದನಳ ಅಮ್ಮನಿಗೆ ಹೊಲಿಗೆ ಯಂತ್ರದ ಗುರುತು ಸಿಕ್ಕಿತು. ರತ್ನಕ್ಕನಿಗೆ ಸೀಲಿಂಗ್ ಫ್ಯಾನ್. ಹೊರಗೆ ಮೆಟ್ಟಿಲ ಬಳಿ ಚಂದನಳ ಅಮ್ಮ ಅವಳನ್ನು ತಡೆದು ನಿಲ್ಲಿಸಿದರು.

"ನಂಗೆ ಟಿಕೆಟ್ ತಪ್ಪಿಸಿದ್ದಲ್ಲದೆ ನನ್ ಹೆಸರಿನೋಳನ್ನೇ ಹುಡುಕಿ ನಿಲ್ಸಿದಾನೆ ಆ ರಾಜೇಂದ್ರ. ಜನ ಗೊಂದಲಕ್ಕೆ ಬಿದ್ದು ನಿಂಗೊಂದಿಷ್ಟು ಒತ್ತಲಿ, ನಾನು ಸೋಲ್ಲಿ ಅಂತ. ವಾಪಸ್ ತೆಗ್ಸೋಣ ಅಂತ ನಾಲ್ಕು ಜನರನ್ನ ಕಳಿಸಿದ್ರೆ ಆ ಹೆಸರಿನೋಳೇ ಇಲ್ಲ ಅಂತ ಬಂದ್ರು. ಆಗ್ಲಿ. ನಿಂಗೇನ್ ಕೊಟ್ಟ ಅದಕ್ಕೆ?"

"ಏನೂ ಇಲ್ಲ ಅಕ್ಕಾ. ಘಾಟಿಗೆ ಕರ್ಕೊಂಡೋಗಿದ್ರು, ಅಷ್ಟೇ."

"ಘಾಟಿಗಾ!" ಎಂದರು ಚಂದನಳ ಅಮ್ಮ. ಬೈಯಲು ಬಾಯಿ ತೆರೆದವರು ಬೈಯಲಾಗದೆ, ಅವಳನ್ನು ಒಂದು ಥರ ನೋಡಿ ಕಾರು ಹತ್ತಿದರು.

ರತ್ನಕ್ಕನಿಗೆ ಮನೆಯ ದಾರಿಯಲ್ಲಿ ಒಂದೊಂದೇ ಬಿಡಿಸಿಕೊಳ್ಳುತ್ತ ಬಂತು. ಕೊನೆಯ ಗಂಟೆ, ಕಾರು, ಛತ್ರ, ಫೋನು. ಸೀದಾ ರಾಜೇಂದ್ರನ ಅಂಗಡಿಗೆ ಹೋದಳು.

"ನನ್ ಹೆಸರು ತೆಗ್ಸು."

"ಇನ್ನಾಗಲ್ಲ ಅಕ್ಕಾ, ಟೈಂ ಮುಗೀತು. ಮಿಷನ್ನಿಗೆ ಹೋಗುತ್ತೆ."

"ಹಂಗಾದ್ರೆ ನೀರಿನ ವಿಷಯಕ್ಕೆ ನಾನ್ ಮಾತಾಡಿದ್ದು, ಅದೆಲ್ಲಾ..."

"ಅದೂ ಇತ್ತು ಅಂತಿಟ್ಕೋ." ರಾಜೇಂದ್ರ ಸೀರೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ನೀನೇನೂ ಮಾಡ್ಬೇಡ. ಸುಮ್ನೆ ಮನೇಲಿರು."

ತನ್ನಲ್ಲಿ ಅವರಿಗೆ ಬೇಕಾಗಿದ್ದದ್ದು ಹೆಸರು ಮಾತ್ರ. ಅದೂ ಯಾರೂ ಕರೆಯದ ಹೆಸರು. ಮಾರನೆಯ ದಿನ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದಳು. ಮನೆಮನೆಗೆ ಹೋಗಿ, "ನಾನ್ ನಿಂತಿದೀನಿ, ಫ್ಯಾನಿನ ಗುರುತು, ಆದ್ರೆ ನಂಗೆ ಓಟು ಹಾಕ್ಬೇಡಿ. ಚಂದನಳ ಅಮ್ಮನ ಹೆಸರೂ ನಂದೂ ಒಂದೇ. ಅವರದ್ದು ಹೊಲಿಗೆ ಮಿಷನ್ನು. ನೋಡ್ಕೊಂಡು ಒತ್ತಿ," ಎಂದು ಹೇಳುವುದು ಅವಳ ಲೆಕ್ಕ.

ಆದರೆ ಯಾರಿಗೂ ಅದು ಸರಿಯಾಗಿ ತಲೆಗೆ ಹೋಗಲಿಲ್ಲ. ಒಂದು ಮನೆಯ ಮುದುಕಿ, "ಆಯ್ತಮ್ಮಾ, ಫ್ಯಾನಿಗೆ ತಾನೆ?" ಎಂದಳು. ಇನ್ನೊಂದು ಮನೆಯವನು, "ರತ್ನಕ್ಕಾ, ಎಲ್ರೂ ಹಾಕಿ ಅಂತ ಕೈ ಮುಗೀತಾರೆ, ನೀನೊಬ್ಳೇ ಬೇಡ ಅಂತಿರೋದು. ನಿಂಗೇ ಹಾಕೋದು ಸರಿ," ಎಂದು ನಕ್ಕ. ಲಕ್ಷ್ಮಯ್ಯ ಎಂಬ ಎಪ್ಪತ್ತೆಂಟರ ಹಿರಿಯ ಜಗುಲಿಯ ಮೇಲೆ ಕೂರಿಸಿಕೊಂಡು ಬೇರೆಯದೇ ಕೇಳಿದ.

"ಅವರು ಗೆದ್ರೆ ನಮ್ ಬೀದಿಗೆ ಬರ್ತಾರೇನು?"

"ಬರ್ತಾರೆ ಕಣಜ್ಜ. ಒಳ್ಳೆಯೋರು."

"ನೀನು ತಿಂಗಳಿಗೊಂದು ಸಲ ಬರ್ತೀಯ. ನಾನು ಬಿದ್ದಾಗ ಎತ್ತಿ ಕೂರ್ಸಿದ್ದು ನೀನು. ಇಲ್ನೋಡು, ಈ ಚರಂಡಿ ಕಲ್ಲು ಒಡೆದು ಒಂದೂವರೆ ವರ್ಷ ಆಯ್ತು."

ಅವಳು ಚರಂಡಿ ನೋಡಿದಳು. ಪಕ್ಕದ ಮನೆಯವರು ಬಂದು ತಮ್ಮ ಬೀದಿ ದೀಪ ತೋರಿಸಿದರು. ರತ್ನಕ್ಕ ಯಾವ ಕಂಬ, ಎಷ್ಟು ದಿನದಿಂದ ಎಂದು ಕೇಳಿಕೊಂಡಳು. ಕೇಳಿಕೊಳ್ಳುವಾಗ ತಾನು ಬಂದದ್ದು ಯಾಕೆ ಎನ್ನುವುದೇ ಮರೆತುಹೋಗಿತ್ತು. ಮೂರನೆಯ ದಿನದ ಹೊತ್ತಿಗೆ 'ನಂಗೆ ಹಾಕ್ಬೇಡಿ' ಎಂಬ ಮಾತು ನಾಲಗೆಯಿಂದ ತಾನಾಗಿಯೇ ಜಾರಿತ್ತು. ಹಾಕಿ ಎಂದೂ ಅನ್ನಲಿಲ್ಲ. "ನಾನ್ ನಿಂತಿದೀನಿ," ಎನ್ನುತ್ತಿದ್ದಳು, ಅಷ್ಟೇ. ಆ ಮಾತು ಹೇಳಲು ಹಿತವಾಗಿತ್ತು. ಹಿತವಾಯಿತಲ್ಲ ಎಂದು ಹೆದರಿಕೆಯೂ ಆಗುತ್ತಿತ್ತು. ಒಮ್ಮೆ ಎದುರಿನಿಂದ ತಮಟೆಯವರ ಹಿಂದೆ ಚಂದನಳ ಅಮ್ಮ ಕೈ ಮುಗಿಯುತ್ತ ಬರುವುದು ಕಂಡಿತು. ರತ್ನಕ್ಕ ಪಕ್ಕದ ಮನೆಯೊಳಗೆ ನುಗ್ಗಿ, ಕೇಳದಿದ್ದರೂ ಆ ಮನೆಯವರ ಮಗ್ಗದ ಹಾಸು ಪರೀಕ್ಷಿಸುತ್ತ ನಿಂತುಬಿಟ್ಟಳು.

ಧರ್ಮಾವರಕ್ಕೆ ಕೊಟ್ಟ ಮಗಳು ಫೋನು ಮಾಡಿದಳು. "ಅಮ್ಮಾ, ನೀನ್ ಗೆಲ್ಬೇಕಂತಾ ಇಲ್ಲ ಸೋಲ್ಬೇಕಂತಾ? ಒಂದು ಹೇಳು, ಹರಕೆ ಹೊತ್ಕೋತೀನಿ."

"ತಡಿ, ನಾಳೆ ಹೇಳ್ತೀನಿ," ಎಂದಳು ರತ್ನಕ್ಕ. ನಾಳೆ ಹೇಳಲಿಲ್ಲ.

ಮತದಾನದ ದಿನ ಶಾಲೆಯ ಕೋಣೆಯಲ್ಲಿ, ರಟ್ಟಿನ ಮರೆಯ ಹಿಂದೆ ಅವಳು ನಿಂತಳು. ಚಂದನಳ ಅಮ್ಮನಿಗೇ ಹಾಕಬೇಕು ಎಂದು ತೀರ್ಮಾನ ಮಾಡಿಕೊಂಡೇ ಬಂದಿದ್ದಳು. ಆಗಿಹೋದ ತಪ್ಪಿಗೆ ಅಷ್ಟಾದರೂ ಆಗಲಿ ಎಂದು. ಮಿಷನ್ನಿನ ಮೇಲೆ ಎರಡು ಸಾಲು, ಎರಡೂ ಮುನಿರತ್ನಮ್ಮ, ಒಂದರ ಕೆಳಗೆ ಒಂದು. ಅಚ್ಚಾದ ಅಕ್ಷರದಲ್ಲಿ ತನ್ನ ಹೆಸರು ಅಷ್ಟು ಒಪ್ಪವಾಗಿ ಕೂತದ್ದನ್ನು ಅವಳು ನೋಡಿರಲಿಲ್ಲ. ಇದು ನಾನೇ, ಎಂದುಕೊಂಡಳು. "ಅಮ್ಮಾ, ಆಯ್ತಾ?" ಎಂದು ಅಧಿಕಾರಿ ಕೇಳಿದರು. ಗಾಬರಿಯಲ್ಲಿ ಬೆರಳು ಇಳಿಯಿತು. ಕೀ ಎಂದು ಸದ್ದಾಯಿತು. ಕೆಂಪು ದೀಪ ಹತ್ತಿದ್ದು ಫ್ಯಾನಿನ ಪಕ್ಕದಲ್ಲಿ.

ಹೊರಗೆ ಬಂದಾಗ ನರಸಿಂಹಯ್ಯ ಕೇಳಿದ, "ಯಾಕೇ, ಮುಖ ಹಿಂಗಿದೆ?" ಅವಳು ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಅವಳೂ ಮತ್ತೆ ಕೂಗಿ ಹೇಳಲಿಲ್ಲ.

ಎಣಿಕೆಯ ದಿನ ಅವಳು ಹೋಗಲಿಲ್ಲ. ಮಧ್ಯಾಹ್ನದೊಳಗೆ ಪಟಾಕಿ ಸದ್ದು ಕೇಳಿತು. ಸ್ನೇಹ ಗೆದ್ದಿದ್ದಳು. ಚಂದನಳ ಅಮ್ಮ ಅರವತ್ತಮೂರು ಓಟಿನಿಂದ ಸೋತಿದ್ದರು. ರತ್ನಕ್ಕನಿಗೆ ಬಿದ್ದದ್ದು ನೂರಾ ಹದಿನೇಳು.

ಮೆರವಣಿಗೆ ಅವಳ ಮನೆಯ ಮುಂದೆ ಬಂದಾಗ ರಾಜೇಂದ್ರ ಇಳಿದು ಬಂದು ಅವಳ ಕೈಗೆ ಲಾಡು ಇಟ್ಟ. "ಅಕ್ಕಾ, ನೀನೇ ಗೆಲ್ಸಿದ್ದು ನಮ್ಮನ್ನ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಸ್ನೇಹ ತೆರೆದ ಜೀಪಿನಿಂದಲೇ ಕೈ ಮುಗಿದಳು. ಪಾಪ, ಆ ಹುಡುಗಿಯ ಮುಖದಲ್ಲೂ ಇದೆಲ್ಲ ಏನು ಎಂಬಂಥ ಕಳೆಯೇ ಇತ್ತು. ರತ್ನಕ್ಕ ಲಾಡು ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ತಿನ್ನುವಂತಿಲ್ಲ, ಅನ್ನದಂಥ ವಸ್ತು ಎಸೆಯುವಂತೆಯೂ ಇಲ್ಲ. ನರಸಿಂಹಯ್ಯ ಅದನ್ನು ನೋಡಿ, "ಗೆದ್ಯಾ?" ಎಂದು ಕೇಳಿದ. ಅವಳು ಲಾಡು ಅವನ ಕೈಗೆ ಹಾಕಿ ಒಳಗೆ ಹೋದಳು.

ಆಮೇಲೆ ಚಂದನಳ ಮನೆಯಿಂದ ಕೆಚ್ಚಲು ಕರೆ ಬರಲಿಲ್ಲ. ತಿಂಗಳು ಕಳೆಯಿತು. ಬೇರೆ ಯಾರನ್ನೋ ಕರೆಸಿಕೊಂಡರು ಎಂದು ಸುದ್ದಿ ಬಂತು. ಉಳಿದ ಮನೆಗಳಲ್ಲಿ ಕೆಲಸವೇನೋ ಇತ್ತು. ಆದರೆ ಕೂತಲ್ಲೆಲ್ಲ ಅವಳ ತಲೆಯಲ್ಲಿ ಅದೇ ನೂರಾ ಹದಿನೇಳು. ಎಳೆ ಹೊಸೆಯುತ್ತ ಮೆಲ್ಲಗೆ ಕೇಳುತ್ತಿದ್ದಳು, "ನೀನ್ ಯಾರಿಗೆ ಒತ್ತಿದ್ದೆ?" ಒಬ್ಬಳು, "ನಿಂಗೇ ಕಣಕ್ಕಾ," ಎಂದಳು. ಒಬ್ಬಳು, "ಅಯ್ಯೋ, ಚಂದನಳ ಅಮ್ಮಂಗೆ ಅಂತ ಹೋಗಿ ಫ್ಯಾನು ಒತ್ಬಿಟ್ಟೆ," ಎಂದಳು. ಮೂರನೆಯವಳಿಗೆ ನೆನಪೇ ಇರಲಿಲ್ಲ. ಕೇಳಿದಷ್ಟೂ ಗಂಟು ಬಿಗಿಯಾಯಿತೇ ಹೊರತು ಬಿಡಲಿಲ್ಲ.

ಕೊನೆಗೆ ಒಂದು ಭಾನುವಾರ ತಡೆಯಲಾರದೆ ಚಂದನಳ ಮನೆಗೆ ಹೋದಳು. ಮಗ್ಗಗಳಿಗೆ ಅಂದು ರಜೆ. ಮನೆ ಸದ್ದಿಲ್ಲದೆ ಬಣಗುಡುತ್ತಿತ್ತು. ಚಂದನಳ ಅಮ್ಮ ಹಾಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ರತ್ನಕ್ಕ ಎದುರಿಗೆ ಕೂತು ಮೊರಕ್ಕೆ ಕೈ ಹಾಕಿದಳು. ಅರ್ಧ ಮೊರ ಮುಗಿಯಿತು.

"ಅಕ್ಕಾ, ನಂಗೆ ಮೊದ್ಲು ಗೊತ್ತಿರ್ಲಿಲ್ಲ. ದೇವ್ರಾಣೆ."

"ಗೊತ್ತು. ಘಾಟಿಗೆ ಹೋಗಿ ಬಂದೆ ಅಂದ್ಯಲ್ಲ, ಆಗ್ಲೇ ಗೊತ್ತಾಯ್ತು. ಮೋಸ ಮಾಡೋಳು ಅಷ್ಟು ಸೋವಿಗೆ ಸಿಗಲ್ಲ."

"ಆ ನೂರಾ ಹದಿನೇಳರಲ್ಲಿ ನಿಮ್ದೆಷ್ಟು ಅಂತ ಲೆಕ್ಕ ಹಾಕ್ತಿದೀನಿ. ಸಿಕ್ತಾನೇ ಇಲ್ಲ."

"ನಾನೂ ಹಾಕ್ದೆ." ಚಂದನಳ ಅಮ್ಮ ಒಂದು ಕಾಯಿ ಎತ್ತಿ, ಹುಳ ಕಂಡು ಪಕ್ಕಕ್ಕೆಸೆದರು. "ಎಲ್ಲಾ ನಂದೇ ಅನ್ಕೊಂಡ್ರೆ ಗೆದ್ದಿದ್ದೆ. ಅರ್ಧ ನಂದು ಅಂದ್ರೂ ಸೋತೆ. ಯಾವ್ದು ಅಂತ ಯಾರು ಹೇಳ್ತಾರೆ?"

ರತ್ನಕ್ಕ ತಲೆ ತಗ್ಗಿಸಿದಳು. "ಒಂದು ಮಾತ್ರ ಗೊತ್ತು ಅಕ್ಕಾ. ಒಂದು ನಂದೇ. ನಿಮಗೆ ಅಂತ್ಲೇ ಹೋಗಿದ್ದೆ. ಅಲ್ಲಿ ನನ್ ಹೆಸರು ಕಂಡು ಏನಾಯ್ತೋ, ನಂಗೇ ಒತ್ಕೊಂಡೆ."

ಚಂದನಳ ಅಮ್ಮ ಸುಲಿಯುವುದನ್ನು ನಿಲ್ಲಿಸಿ ಅವಳನ್ನು ದಿಟ್ಟಿಸಿದರು. ಸಿಟ್ಟು ಬರುತ್ತದೆ ಎಂದು ರತ್ನಕ್ಕ ಕಾದಳು. ಒಳಕೋಣೆಯಿಂದ ಅವರ ಅತ್ತೆಯ ದನಿ ಬಂತು. ಎಂಬತ್ತು ದಾಟಿದ ಮುದುಕಿ, ಹಾಸಿಗೆಯಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

"ಇನ್ನೊಂದು ನಂದು! ನಾನೂ ಫ್ಯಾನಿಗೇ ಒತ್ತಿದ್ದು!"

"ಏನಂದ್ರಿ ಅತ್ತೆ? ತಪ್ಪಾಗಿ ಒತ್ತಿದ್ರಾ?"

"ತಪ್ಪಾಗಿ ಯಾಕೆ ಒತ್ಲಿ? ಕಣ್ಣು ಚೆನ್ನಾಗೇ ಕಾಣುತ್ತೆ. ನೀನು ಗೆದ್ರೆ ಮೀಟಿಂಗು ಅಂತ ಊರೂರು ಸುತ್ತಿದ್ರೆ ನಂಗೆ ಹೊತ್ತಿಗೆ ಮುದ್ದೆ ಯಾರು ಹಾಕ್ತಾರೆ?"

ಚಂದನಳ ಅಮ್ಮನಿಗೆ ನಗು ಬಂತೋ ಅಳು ಬಂತೋ ರತ್ನಕ್ಕನಿಗೆ ತಿಳಿಯಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು, ಭುಜ ಅಲುಗುತ್ತಿತ್ತು. ಮುಖ ಒರೆಸಿಕೊಂಡು, "ಗುರುವಾರ ಎರಡು ಮಗ್ಗ ಖಾಲಿಯಾಗುತ್ತೆ. ಬಂದ್ರೆ ಬಾ," ಎಂದರು. ಅದು ಕ್ಷಮಿಸಿದ್ದೋ, ಬೇರೆ ಕೆಚ್ಚುವವಳ ಕೈ ಸರಿಬರಲಿಲ್ಲವೋ, ಕೇಳುವ ಧೈರ್ಯ ರತ್ನಕ್ಕನಿಗೆ ಬರಲಿಲ್ಲ. ಗುರುವಾರ ಹೋದಳು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದಳು. ಮುಂದಿನ ವಾರ ಲಕ್ಷ್ಮಯ್ಯ ಕೋಲೂರಿಕೊಂಡು ಅವಳ ಮನೆಗೆ ಬಂದ. ಚರಂಡಿ ಕಲ್ಲಿಗೆ ಅರ್ಜಿ ಬರೆಸಿಕೊಂಡು ಬಂದಿದ್ದ.

"ಅಜ್ಜಾ, ನಾನ್ ಸೋತೆ. ಗೆದ್ದೋಳು ಸ್ನೇಹ. ಅವರ ಮನೆಗೆ ಹೋಗಬೇಕು ನೀನು."

"ಹೋಗಿದ್ದೆ. ಮೈದುನ... ಅಲ್ಲ, ಭಾವ, ಆ ರಾಜೇಂದ್ರ ಇದ್ದ. ನೋಡಾಣ ಅಂದ."

"ನೋಡ್ತಾನೆ ಬಿಡು."

"ನಾನ್ ಓಟು ಹಾಕಿದ್ದು ನಿಂಗೆ. ನಾನು ಅವನ್ನ ಯಾಕೆ ಕೇಳ್ಲಿ?"

ರತ್ನಕ್ಕ ಅರ್ಜಿ ಇಸಿದುಕೊಂಡು, ಮುದುಕನನ್ನು ಆಟೋದಲ್ಲಿ ಕೂರಿಸಿಕೊಂಡು ನಗರಸಭೆಗೆ ಹೋದಳು. ಗುಮಾಸ್ತ ಅರ್ಜಿ ನೋಡಿ, ಅವಳನ್ನು ನೋಡಿ, "ನೀವ್ಯಾರಮ್ಮಾ? ಇವರ ಮಗಳಾ?" ಎಂದ.

"ಅಲ್ಲ."

"ಸದಸ್ಯರ ಕಡೆಯೋರಾ?"

"ಅಲ್ಲ. ನಾನೂ ನಿಂತಿದ್ದೆ."

"ಹೆಸರು?"

"ಮುನಿರತ್ನಮ್ಮ."

"ಓ, ಆ ಇಪ್ಪತ್ತನಾಲ್ಕು ಮಗ್ಗದ ಮನೆಯೋರಾ? ಕೂತ್ಕೊಳ್ಳಿ ಮೇಡಂ," ಎಂದು ಗುಮಾಸ್ತ ಕುರ್ಚಿ ಸರಿಸಿದ. ರತ್ನಕ್ಕ ಲಕ್ಷ್ಮಯ್ಯನ ಮುಖ ನೋಡಿದಳು. ಮುದುಕ ಸುಮ್ಮನೆ ಕೂತ್ಕೋ ಎನ್ನುವಂತೆ ಕಣ್ಣು ಮಾಡಿದ. ಒಂದು ಕ್ಷಣ ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಅವರಲ್ಲ ಸಾರ್," ಎಂದಳು. "ನಾನು ಇನ್ನೊಬ್ಬಳು." ಹಾಗೆಂದು, ಕೂತಳು. ಗುಮಾಸ್ತ ಯಾವ ಇನ್ನೊಬ್ಬಳು ಎಂದು ಕೇಳಬೇಕೋ ಬೇಡವೋ ತಿಳಿಯದೆ, ಅರ್ಜಿಯ ಮೇಲೆ ಮೊಹರು ಒತ್ತಿ ಸ್ವೀಕೃತಿ ಚೀಟಿ ಹರಿದು ಕೊಟ್ಟ.